ನಾಲ್ಕು ಸ್ಕ್ರೂಗಳ ಹುಲಿ



ಸ್ಟುಡಿಯೋದೊಳಗೆ ಕೂತವರಿಗೆ ಗಡಿಯಾರಕ್ಕಿಂತ ದೊಡ್ಡ ಯಜಮಾನ ಇನ್ನೊಬ್ಬನಿಲ್ಲ. ಹಾಡು ಮುಗಿದು ಸುದ್ದಿ ಶುರುವಾಗುವ ನಡುವೆ ಹದಿನೈದು ಸೆಕೆಂಡು ಉಳಿದರೆ ಮಾತಿನಲ್ಲಿ ತುಂಬಬೇಕು, ಐದು ಸೆಕೆಂಡು ಹೆಚ್ಚಾದರೆ ನಾಲಿಗೆ ಕಚ್ಚಿಕೊಳ್ಳಬೇಕು. ಹೀಗಿರುವಾಗ ರಜೆಯ ದಿನವೂ ಗಡಿಯಾರ ನೋಡುವುದಕ್ಕೆಂದೇ ಹೋಗುವ ಮನಸ್ಸು ನನಗೆ ಖಂಡಿತ ಇರಲಿಲ್ಲ. ಆದರೆ ಮಗಳ ಹಠ. ಭಾನುವಾರ ಬೆಳಿಗ್ಗೆ ಹನ್ನೊಂದೂ ಐವತ್ತಕ್ಕೆ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಅಂಗಳದಲ್ಲಿ, ಇನ್ನೂರು ಮುನ್ನೂರು ಜನರ ನಡುವೆ, ಕುತ್ತಿಗೆ ಚಾಚಿ ನಿಂತೆವು.

ನೀವೂ ಒಮ್ಮೆಯಾದರೂ ಅಲ್ಲಿ ನಿಂತಿರುತ್ತೀರಿ. ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಕಂಪನಿ ಜೋಡಿಸಿಕೊಟ್ಟ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಗಡಿಯಾರ ಅದು. ಅದರೊಳಗೆ 350ಕ್ಕೂ ಹೆಚ್ಚು ಬಿಡಿಭಾಗಗಳಿವೆ ಎನ್ನುತ್ತಾರೆ. ಗಂಟೆಗೆ ಕೆಲವು ನಿಮಿಷ ಇರುವಾಗ ಬಾಗಿಲು ತೆರೆದು ಗಡ್ಡದ ಪುಟ್ಟ ಮನುಷ್ಯನೊಬ್ಬ ಹೊರಬರುತ್ತಾನೆ, ಗಂಟೆ ಬಾರಿಸಿ ಒಳಗೆ ಹೋಗುತ್ತಾನೆ. ಪಕ್ಕದಲ್ಲಿ ಕಮ್ಮಾರನಂಥ ಇನ್ನೊಬ್ಬ ಪ್ರತಿ ಸೆಕೆಂಡಿಗೂ ಸುತ್ತಿಗೆ ಹೊಡೆಯುತ್ತಲೇ ಇರುತ್ತಾನೆ. ಮಧ್ಯಾಹ್ನ ಹನ್ನೆರಡಕ್ಕೆ ಹನ್ನೆರಡು ಹೊಡೆತ. ಜನ ಚಪ್ಪಾಳೆ ತಟ್ಟಿ ಚದುರಿದರು. ನನ್ನ ಮಗಳು ಮಾತ್ರ ಅಲ್ಲೇ ನಿಂತು ಕೇಳಿದಳು: "ಅಮ್ಮಾ, ಇವನಿಗೆ ಸೆಲ್ ಯಾರು ಹಾಕ್ತಾರೆ?"

ಸೆಲ್ ಇಲ್ಲ ಮಗಳೇ, ಕೀಲಿ ಕೊಡುತ್ತಾರೆ ಎಂದೆ. ಮುಂದಿನ ಪ್ರಶ್ನೆಗೆ ಮಾತ್ರ ಮೈಕಿನ ಮುಂದೆ ಪದ ಸಿಗದವಳ ಹಾಗೆ ನಿಂತುಬಿಟ್ಟೆ. "ಹಾಗಾದ್ರೆ ನಮ್ಮ ಟಾಮಿ ಯಾಕೆ ಆರು ತಿಂಗಳಿಗೇ ಸತ್ತುಹೋಯ್ತು?"

ಟಾಮಿ ಅಂದರೆ ನಿಜವಾದ ನಾಯಿಯಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕುವ ಹಾಗಿಲ್ಲ, ಅದಕ್ಕೇ ತಂದ ಬ್ಯಾಟರಿ ನಾಯಿ. ತಲೆ ನೇವರಿಸಿದರೆ ಕುಂಯ್ ಎನ್ನುತ್ತಿತ್ತು, ಚಪ್ಪಾಳೆ ತಟ್ಟಿದರೆ ನಾಲ್ಕು ಹೆಜ್ಜೆ ನಡೆದು ಬೊಗಳುತ್ತಿತ್ತು. ಒಂದು ದಿನ ನಿಂತುಹೋಯಿತು. ಮಗು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಗಬೇಡಿ. ಪ್ಲಾಸ್ಟಿಕ್ಕಿನ ನಾಯಿಗೆ ಅಳುವುದು ನಮ್ಮ ಮನೆಯ ಹುಚ್ಚು ಮಾತ್ರವಲ್ಲ ಎನ್ನುವುದು ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ಆ ಪ್ರಶ್ನೆಯ ಬೆನ್ನು ಹಿಡಿದು ಹೋದಾಗ ನನಗೆ ಸಿಕ್ಕಿದ್ದು ನಮ್ಮದೇ ಶ್ರೀರಂಗಪಟ್ಟಣದ ಒಂದು ಹುಲಿ.

ಟಿಪ್ಪುವಿನ ಹುಲಿಯ ಹೆಸರು ಕೇಳದ ಕನ್ನಡಿಗರು ಕಡಿಮೆ. ಆದರೆ ಅದರ ಹೊಟ್ಟೆಯೊಳಗೆ ಏನಿದೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? 1790ರ ದಶಕದಲ್ಲಿ ಟಿಪ್ಪು ಸುಲ್ತಾನನಿಗಾಗಿ ತಯಾರಾದ, ಬಣ್ಣ ಬಳಿದ ಮರದ ಹುಲಿ ಅದು. ಉದ್ದ 172 ಸೆಂಟಿಮೀಟರು, ಎತ್ತರ ಸುಮಾರು 71. ಕೆಳಗೆ ಯುರೋಪಿನ ಉಡುಪಿನ ಒಬ್ಬ ಮನುಷ್ಯ ಅಂಗಾತ ಬಿದ್ದಿದ್ದಾನೆ, ಹುಲಿ ಅವನ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದಲ್ಲೊಂದು ಹಿಡಿಕೆ. ತಿರುಗಿಸಿದರೆ ತಿದಿಗಳು ಆಡುತ್ತವೆ. ಒಂದು ತಿದಿಯ ಗಾಳಿ ಮನುಷ್ಯನ ಗಂಟಲಿನ ಕೊಳವೆಯಿಂದ ನರಳುವ ದನಿಯಾಗಿ ಹೊರಬರುತ್ತದೆ. ಅದರ ಜೊತೆಗೇ ಅವನ ಎಡಗೈ ಏಳುತ್ತದೆ, ಇಳಿಯುತ್ತದೆ, ಕೈ ಆಡಿದ ಹಾಗೆ ನರಳಿಕೆಯ ಸ್ವರವೂ ಏರಿಳಿಯುತ್ತದೆ. ಹುಲಿಯ ತಲೆಯಲ್ಲಿ ಇನ್ನೊಂದು ಯಂತ್ರ, ಅದರಿಂದ ಗುಟುರು. ತಲೆಯ ಮೇಲೆ ಬಣ್ಣದ ಪಟ್ಟೆಗಳಿವೆಯಲ್ಲ, ಅವುಗಳ ವಿನ್ಯಾಸಕ್ಕೆ ಹೊಂದುವಂತೆ ದನಿ ಹೊರಬರಲೆಂದು ತೂತು ಕೊರೆದಿದ್ದಾರೆ. ಪಟ್ಟೆ ಯಾವುದು ತೂತು ಯಾವುದು ದೂರದಿಂದ ಗೊತ್ತಾಗುವುದಿಲ್ಲ. ಇಂದಿನ ಆಟಿಕೆಗಳ ಹೊಟ್ಟೆಯ ಮೇಲೆ ಸ್ಪೀಕರಿಗೆ ಜಾಲರಿ ಮಾಡುತ್ತಾರಲ್ಲ, ಅದೇ ಉಪಾಯ. ನೋಡುವುದಕ್ಕೆ ಇದೇ ಹೆಚ್ಚು ಚೆಂದ. ಇಷ್ಟು ಸಾಲದು ಎಂಬಂತೆ ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ ದಂತದ ಗುಂಡಿಗಳ ಹದಿನೆಂಟು ಸ್ವರಗಳ ಪುಟ್ಟ ಆರ್ಗನ್! ಮರದ ಮೈ, ಬಣ್ಣ, ಕೆತ್ತನೆ ದಕ್ಷಿಣ ಭಾರತದ ಮೂರ್ತಿಶಿಲ್ಪದ ರೀತಿಯದು. ಒಳಗಿನ ಯಂತ್ರಕ್ಕೆ ಟಿಪ್ಪುವಿನ ಬಳಿ ಕೆಲಸಕ್ಕಿದ್ದ ಫ್ರೆಂಚರ ಕೈ ಸೇರಿರಬೇಕು ಎಂಬುದು ವಿದ್ವಾಂಸರ ಊಹೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅರಮನೆಯ ಸಂಗೀತದ ಕೋಣೆಯಲ್ಲಿ ಇಂಗ್ಲಿಷರಿಗೆ ಈ ಮರದ ಹುಲಿ ಸಿಕ್ಕಿತು. ಅರಮನೆಯಲ್ಲಿ ಜೀವಂತ ಹುಲಿಗಳೂ ಇದ್ದವು. ಈ ಕಥೆಯಲ್ಲಿ ನಮ್ಮ ಹೈದರಾಬಾದು ಬರುವುದು ಇಲ್ಲಿಯೇ.

ಆ ಯುದ್ಧದಲ್ಲಿ ನಿಜಾಮರ ಸೈನ್ಯ ಇಂಗ್ಲಿಷರ ಜೊತೆಗಿತ್ತು, ಅದರ ಮುಂದಾಳು ಮೀರ್ ಆಲಂ. ಊರು ಬಿದ್ದ ಮರುದಿನಗಳಲ್ಲಿ ಅಲ್ಲಿನ ಉಸ್ತುವಾರಿ ಹೊತ್ತವನು ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್. ಅವನು ತನ್ನ ಸೇನಾಪತಿ ಹ್ಯಾರಿಸ್‌ಗೆ ಬರೆದ ಕಾಗದವೊಂದರಲ್ಲಿ ಈ ಹುಲಿಗಳ ವಿಷಯ ಬರುತ್ತದೆ. ಇವಕ್ಕೆ ಹಾಕಲು ಆಹಾರವಿಲ್ಲ, ನೋಡಿಕೊಳ್ಳುವವರಿಲ್ಲ, ದಿನದಿನಕ್ಕೆ ರೊಚ್ಚಿಗೇಳುತ್ತಿವೆ. ಮೀರ್ ಆಲಂ ಇವನ್ನು ತರಿಸಿಕೊಂಡರೆ ಸರಿ, ಇಲ್ಲದಿದ್ದರೆ ಗುಂಡು ಹೊಡೆಸಬೇಕಾಗುತ್ತದೆ ಎಂಬುದು ಅದರ ಸಾರ.

ನೋಡಿ, ಜೀವದ ಹುಲಿಗೆ ದಿನವೂ ಮಾಂಸ ಬೇಕು, ಕಾಯುವ ಮನುಷ್ಯ ಬೇಕು. ಯಜಮಾನ ಸತ್ತ ವಾರದೊಳಗೆ ಅದು ಬೇಡವಾಯಿತು. ಮರದ ಹುಲಿಗೆ ಒಂದು ಹಿಡಿಕೆ ಸಾಕಾಗಿತ್ತು, ಅದು ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಮೀರ್ ಆಲಂ ಹೈದರಾಬಾದಿಗೆ ಮರಳಿ 1804ರಲ್ಲಿ ದಿವಾನರಾದರು, 1808ರಲ್ಲಿ ತೀರಿಕೊಂಡರು. ಕಮಾನುಗಳ ಸಾಲಿನ ಕಟ್ಟೆಯ ಮೀರ್ ಆಲಂ ಕೆರೆ ಅವರ ಹೆಸರಿನದು. ಆ ಕೆರೆಯ ದಂಡೆಯಲ್ಲೇ 1963ರಲ್ಲಿ ನೆಹರು ಪ್ರಾಣಿ ಸಂಗ್ರಹಾಲಯ ತೆರೆಯಿತು. ಅಲ್ಲಿ ಹುಲಿ ನೋಡಲು ಮಕ್ಕಳನ್ನು ಕರೆದೊಯ್ದಾಗ ನನಗಂತೂ ಈ ಕಾಗದ ನೆನಪಾಗದೆ ಇರುವುದಿಲ್ಲ. ಇನ್ನೂ ಒಂದು ನಂಟು: ಗಡಿಯಾರ ಇಟ್ಟುಕೊಂಡಿದ್ದ ಸಾಲಾರ್ ಜಂಗ್ ಮನೆತನ ಮೀರ್ ಆಲಂ ಅವರ ಮಗಳ ಕಡೆಯ ಬಳ್ಳಿ.

ಇರಲಿ, ಹುಲಿಯ ಬಳಿಗೆ ಹೋಗೋಣ. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಅದನ್ನು ಸಾರ್ವಜನಿಕರ ನೋಟಕ್ಕಿಟ್ಟರು. ಬಂದವರೆಲ್ಲ ಹಿಡಿಕೆ ತಿರುಗಿಸಿದರು. ಪಕ್ಕದ ಗ್ರಂಥಾಲಯದಲ್ಲಿ ಓದುತ್ತಿದ್ದವರಿಗೆ ದಿನವಿಡೀ ಗುಟುರು ಮತ್ತು ನರಳಾಟ ಕೇಳಿ ತಲೆಚಿಟ್ಟು ಹಿಡಿಯಿತು. ಕೊನೆಗೆ ಹಿಡಿಕೆಯೇ ಕಳೆದುಹೋದಾಗ ಅಲ್ಲಿನ ಪತ್ರಿಕೆಯೊಂದು ಸಂತೋಷಪಟ್ಟಿತ್ತು. ಆಮೇಲೆ ಹುಲಿ ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಕರೆಯುವ ವಸ್ತುಸಂಗ್ರಹಾಲಯಕ್ಕೆ ಬಂತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಬಾಂಬು ಬಿದ್ದು ಚಾವಣಿ ಹುಲಿಯ ಮೇಲೆಯೇ ಕುಸಿಯಿತು. ಮರದ ಮೈ ನೂರಾರು ಚೂರಾಯಿತು. ಚೂರುಗಳನ್ನು ಕೂಡಿಸಿ ಒಳಗಿನಿಂದ ಬಲ ಕೊಟ್ಟು 1947ರ ಹೊತ್ತಿಗೆ ಮತ್ತೆ ನಿಲ್ಲಿಸಿದರು. ಇಂದಿಗೂ ನಿಂತಿದೆ.

ಇನ್ನೂರಕ್ಕೂ ಹೆಚ್ಚು ವರ್ಷ! ಹೇಗೆ ಸಾಧ್ಯವಾಯಿತು? ಗಟ್ಟಿ ಮರ ಎಂದು ಸುಮ್ಮನೆ ಹೇಳಿಬಿಡಬಹುದು. ಆದರೆ ಹುಲಿಯ ಮೈಯ ಮರ ಹೆಚ್ಚು ಕಡಿಮೆ ಅರ್ಧ ಇಂಚು ದಪ್ಪ ಅಷ್ಟೆ, ಒಳಗೆ ಪೊಳ್ಳು. ನನಗೆ ಬಲು ಇಷ್ಟವಾದ ಸಂಗತಿ ಬೇರೆಯದು. ತಲೆಯಿಂದ ಬಾಲದವರೆಗಿನ ಮೇಲ್ಭಾಗವನ್ನು ನಾಲ್ಕೇ ನಾಲ್ಕು ಸ್ಕ್ರೂ ಬಿಚ್ಚಿದರೆ ಎತ್ತಿಡಬಹುದು. ಒಳಗಿನ ತಿದಿ, ಕೊಳವೆ, ಸನ್ನೆ ಎಲ್ಲ ಕಣ್ಣೆದುರಿಗೆ ಬರುತ್ತವೆ. ಎರಡು ಶತಮಾನದಲ್ಲಿ ಎಷ್ಟೋ ಕೈಗಳು ಅದನ್ನು ರಿಪೇರಿ ಮಾಡಿವೆ. ಕೆಲವರು ಕೆಡಿಸಿದ್ದೂ ಇದೆ, ಹತ್ತೊಂಬತ್ತನೇ ಶತಮಾನದ ರಿಪೇರಿಯಲ್ಲಿ ಆರ್ಗನ್ನಿನ ಮೂಲ ಸ್ವರ ಬದಲಾಯಿತು ಎನ್ನುತ್ತಾರೆ ತಿಳಿದವರು. ಆದರೂ ಮಾಡಿದವನು ಒಂದು ಮಾತು ಒಪ್ಪಿಕೊಂಡಿದ್ದ: ಇದು ಒಂದು ದಿನ ಕೆಡುತ್ತದೆ, ಆಗ ಯಾರಾದರೂ ತೆರೆಯಬೇಕಾಗುತ್ತದೆ.

ಈಗ ಸ್ವಲ್ಪ ಮರದ ವಿಷಯ. ಟಿಪ್ಪುವಿನ ಹೆಸರು ಹೇಳಿದ ಮೇಲೆ ಚನ್ನಪಟ್ಟಣ ಬಿಟ್ಟರೆ ನೀವು ಬಿಡುವುದಿಲ್ಲ. ಪರ್ಷಿಯಾದ ಕುಶಲಿಗರನ್ನು ಟಿಪ್ಪು ಕರೆಸಿ ನಮ್ಮವರಿಗೆ ಕಲಿಸಿದ ಎಂಬ ಕಥೆ ಆ ಊರಿನ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಕಥೆ ಹೇಗೇ ಇರಲಿ, ಆ ಕೆಲಸದಲ್ಲಿ ಸಾಮಗ್ರಿಯ ಆಯ್ಕೆ ಎಷ್ಟು ನಾಜೂಕಾದುದು ನೋಡಿ. ಮರ ಆಲೆ ಮರ, ದಂತದ ಹಾಗೆ ಬಿಳಿ, ಒತ್ತಾದ ಎಳೆ, ಮೆದು. ಒಣಗಿಸದೆ ಮುಟ್ಟುವುದಿಲ್ಲ. ತಿರುಗುವ ಚರಕಿಗೆ ಕಟ್ಟಿ ಉಳಿಯಿಂದ ಕಡೆಯುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಕುಂಚ ಬೇಡ, ಅಂಟು ಬೇಡ. ಕೊನೆಗೆ ತಾಳೆಗರಿಯಿಂದ, ಅಂದರೆ ಕೇದಗೆಯ ಜಾತಿಯ ಗರಿಯಿಂದ, ಒತ್ತಿ ಉಜ್ಜಿ ಹೊಳಪು ಕೊಡುತ್ತಾರೆ. ಮಗು ಬಾಯಿಗೆ ಹಾಕಿಕೊಂಡರೂ ಸರಿ, ಅರಗಿಗೆ ಬೆರೆಸಿದ ಬಣ್ಣ ಅರಿಶಿನದಂಥ ಗಿಡಮೂಲಿಕೆಯದಾಗಿದ್ದರೆ ಭಯವಿಲ್ಲ.

ಇದೇ ಮರ ಆಂಧ್ರದ ಏಟಿಕೊಪ್ಪಾಕದಲ್ಲಿ ಅಂಕುಡು ಕರ್ರ ಆಗುತ್ತದೆ, ಅಲ್ಲಿಯೂ ಅರಗಿನ ಕೆಲಸವೇ. ನಮ್ಮ ತೆಲಂಗಾಣದ ನಿರ್ಮಲಕ್ಕೆ ಹೋದರೆ ಮರ ಬದಲಾಗುತ್ತದೆ: ಪೊನಿಕಿ, ಹತ್ತಿಯಂತೆ ಹಗುರ. ಕೆತ್ತಿದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿಯೂ ಹೆಚ್ಚು ಕಡಿಮೆ ಅದೇ ಪದ್ಧತಿ. ಹಗುರ ಮರ, ಹುಣಸೆ ಬೀಜದ ಅಂಟು, ಸೆಣಬಿನ ಚೂರನ್ನು ನೆನೆಸಿ ಒಣಗಿಸಿ ಪುಡಿ ಮಾಡಿದ ಕಿಟ್ಟ. 1956ರವರೆಗೆ ಕೊಪ್ಪಳವೂ ನಿರ್ಮಲವೂ ಒಂದೇ ಹೈದರಾಬಾದ್ ಸಂಸ್ಥಾನದಲ್ಲಿ, ಆಮೇಲೆ ರಾಜ್ಯದಲ್ಲಿ ಇದ್ದವಲ್ಲ! ಭಾಷೆಯ ಗೆರೆ ಎಳೆದು ಊರು ಹಂಚಿಕೊಂಡೆವು, ಹುಣಸೆ ಬೀಜದ ಅಂಟು ಎರಡು ಕಡೆಯೂ ಉಳಿಯಿತು. ಕಾಚಿಗುಡದ ಹಿರಿಯ ಕೇಳುಗರೊಬ್ಬರು, ಮೂಲ ಕೊಪ್ಪಳದವರು, ಫೋನಿನಲ್ಲಿ ಹೇಳಿದ ಮಾತಿದು: ಅವರ ಅಜ್ಜಿ ಕಿನ್ನಾಳದ ಹಸುವಿನ ಕಿವಿ ಮುರಿದಾಗ ಹುಣಸೆ ಬೀಜ ಅರೆದು ತಾವೇ ಅಂಟಿಸಿದ್ದರಂತೆ. ಕೆಟ್ಟದ್ದನ್ನು ಸರಿಮಾಡುವ ಸಾಮಾನು ಅಡುಗೆಮನೆಯಲ್ಲೇ ಇತ್ತು.

ಮರದ ಹಸುವಿನಿಂದ ವಿದ್ಯುತ್ತಿನ ನಾಯಿಗೆ ಹಾರೋಣ. 1996ರ ನವೆಂಬರಿನಲ್ಲಿ ಜಪಾನಿನ ಬಂದಾಯ್ ಕಂಪನಿ ತಮಗೋಚಿ ಎಂಬ ಮೊಟ್ಟೆಯಾಕಾರದ ಆಟಿಕೆ ತಂದಿತು. ಪುಟ್ಟ ಪರದೆ, ಮೂರು ಗುಂಡಿ, ಒಳಗೊಂದು ಮರಿ. ಹೊತ್ತಿಗೆ ಸರಿಯಾಗಿ ಉಣಿಸದಿದ್ದರೆ ಸಾಯುತ್ತದೆ. ಸಾಕುಪ್ರಾಣಿಯ ಮೈ ಬಿಟ್ಟು ಅದರ ಹಸಿವನ್ನಷ್ಟೇ ಮಾರಿದ ಬುದ್ಧಿ ಅದು. ಶಾಲೆಯಲ್ಲಿ ಮಕ್ಕಳು ಪಾಠ ಬಿಟ್ಟು ಮರಿಗೆ ಊಟ ಹಾಕುತ್ತಾರೆಂದು ಎಷ್ಟೋ ಕಡೆ ನಿಷೇಧಿಸಿದರು.

1998ರಲ್ಲಿ ಅಮೆರಿಕದಲ್ಲಿ ಫರ್ಬಿ ಬಂತು. ಗೂಬೆಯೋ ಬೆಕ್ಕೋ ಗೊತ್ತಾಗದ ರೋಮದ ಉಂಡೆ. ಮೊದಲ ಮೂರು ವರ್ಷಗಳಲ್ಲಿ 4 ಕೋಟಿಗೂ ಹೆಚ್ಚು ಮಾರಾಟವಾಯಿತು. ಕಣ್ಣು ಮಿಟುಕಿಸುತ್ತದೆ, ಕಿವಿ ಆಡಿಸುತ್ತದೆ, ಕೊಕ್ಕು ತೆರೆಯುತ್ತದೆ, ಮುಂದಕ್ಕೆ ಬಾಗುತ್ತದೆ. ಇದಕ್ಕೆಲ್ಲ ಎಷ್ಟು ಮೋಟಾರು ಬೇಕು ಹೇಳಿ? ಒಂದೇ. ಆ ಒಂದು ಮೋಟಾರು ಒಂದು ದಂಡವನ್ನು ತಿರುಗಿಸುತ್ತದೆ, ದಂಡದ ಮೇಲೆ ಉಬ್ಬು ತಗ್ಗಿನ ಬಿಲ್ಲೆಗಳು. ಯಾವ ಉಬ್ಬು ಯಾವ ಸನ್ನೆಯನ್ನು ಎತ್ತುತ್ತದೋ ಆ ಅಂಗ ಆಡುತ್ತದೆ. ಒಂದು ಹಿಡಿಕೆಯಿಂದ ನರಳಿಕೆ, ಗುಟುರು, ಕೈಯಾಟ ಮೂರನ್ನೂ ಹೊರಡಿಸಿದ ಶ್ರೀರಂಗಪಟ್ಟಣದ ಹುಲಿ ನಿಮಗೆ ನೆನಪಾಗುತ್ತಿದೆಯಲ್ಲವೇ? ಮೋಟಾರು ಕಡಿಮೆಯಾದಷ್ಟೂ ಬೆಲೆ ಕಡಿಮೆ, ಕೆಡುವ ಜಾಗವೂ ಕಡಿಮೆ. ಆದರೆ ಆ ಒಂದು ಕೆಟ್ಟರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ.

ಇನ್ನೊಂದು ದಾರಿ ಹಿಡಿದದ್ದು ಸೋನಿ. 1999ರಲ್ಲಿ ಅವರು ಐಬೋ ಎಂಬ ಯಂತ್ರ ನಾಯಿ ತಂದರು. ಹದಿನೆಂಟು ಕೀಲು, ಬೆಲೆ ಎರಡೂವರೆ ಲಕ್ಷ ಯೆನ್. ಜಪಾನಿಗೆ ಇಟ್ಟ 3,000 ನಾಯಿಗಳು ಇಪ್ಪತ್ತು ನಿಮಿಷದಲ್ಲಿ ಖಾಲಿ. ಕೊಂಡವರಲ್ಲಿ ಒಂಟಿಯಾಗಿ ಬದುಕುವ ಮುದುಕರು ಬಹಳ. ಅದು ಸಾಯುವುದಿಲ್ಲ, ತಮಗಿಂತ ಮುಂಚೆ ಹೋಗುವುದಿಲ್ಲ ಎಂಬುದೇ ಅವರಿಗೆ ದೊಡ್ಡ ಸಮಾಧಾನವಾಗಿತ್ತು. 2006ರಲ್ಲಿ ಸೋನಿ ತಯಾರಿಕೆ ನಿಲ್ಲಿಸಿತು. 2014ರಲ್ಲಿ ರಿಪೇರಿಯನ್ನೂ ನಿಲ್ಲಿಸಿತು.

ಆಮೇಲೆ ನಡೆದದ್ದನ್ನು ಕೇಳಿ. ಸೋನಿಯಿಂದ ಹೊರಬಂದ ಹಳೆಯ ಇಂಜಿನಿಯರುಗಳು ಎ-ಫನ್ ಎಂಬ ಸಣ್ಣ ಕಂಪನಿಯಲ್ಲಿ ಈ ನಾಯಿಗಳ ಚಿಕಿತ್ಸೆಗೆ ಕೂತರು. ಹೊಸ ಬಿಡಿಭಾಗ ಎಲ್ಲಿಯೂ ಸಿಗದು. ಸಿಗುವುದು ಇನ್ನೊಂದು ಸತ್ತ ಐಬೋದ ಮೈಯಿಂದ ಮಾತ್ರ. ಹಾಗಾಗಿ ಜನ ತಮ್ಮ ನಿಂತುಹೋದ ನಾಯಿಗಳನ್ನು ಅಂಗದಾನದಂತೆ ಕಳಿಸತೊಡಗಿದರು. ಬಿಚ್ಚುವ ಮುನ್ನ ಅವಕ್ಕೆ ಕರ್ಮ ಆಗಬೇಡವೇ? ಚಿಬಾ ಪ್ರಾಂತ್ಯದ ಇಸುಮಿಯ ಕೊಫುಕುಜಿ ಎಂಬ ಬೌದ್ಧ ದೇವಾಲಯದಲ್ಲಿ 2015ರಿಂದ ಐಬೋಗಳಿಗೆ ಅಂತ್ಯಪೂಜೆ ನಡೆಯಿತು. ಸಾಲಾಗಿ ಕೂರಿಸಿದ ಯಂತ್ರನಾಯಿಗಳು, ಪ್ರತಿಯೊಂದರ ಕೊರಳಿಗೆ ಮನೆತನದ ಚೀಟಿ, ಎದುರಿಗೆ ಧೂಪ, ಮಂತ್ರ ಹೇಳುವ ಅರ್ಚಕರು. 2018ರ ಹೊತ್ತಿಗೆ ಸುಮಾರು 800 ನಾಯಿಗಳಿಗೆ ಹೀಗೆ ವಿದಾಯ ಹೇಳಿದ್ದರು. ಅದೇ 2018ರ ಜನವರಿಯಲ್ಲಿ ಸೋನಿ ಹೊಸ ಐಬೋ ಮಾರುಕಟ್ಟೆಗೆ ಬಿಟ್ಟಿತು. ಹಳೆಯದಕ್ಕೆ ಅದರ ಅಂಗ ಹೊಂದುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಈ ಪೂಜೆಯ ಚಿತ್ರ ನೋಡಿದ ಮೇಲೆ ಮಗಳ ಮೂರು ದಿನದ ಉಪವಾಸಕ್ಕೆ ನಾನು ನಗುವುದನ್ನು ಬಿಟ್ಟೆ. ಟಾಮಿಯನ್ನು ಚೀಲಕ್ಕೆ ಹಾಕಿಕೊಂಡು ಕೋಠಿಗೆ ಹೋದೆ.

ಕೋಠಿಯ ಗುಜರಾತಿ ಗಲ್ಲಿ ನಿಮಗೆ ಗೊತ್ತು. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಬೇಕೆಂದರೆ ಹೈದರಾಬಾದಿಗರ ಕಾಲು ತಾನಾಗಿಯೇ ಅತ್ತ ಹೋಗುತ್ತದೆ. ಈ ಊರಿಗೆ ಬೆಸುಗೆಯ ವಾಸನೆ ಹೊಸದಲ್ಲ. 1967ರಲ್ಲಿ ಇಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸ್ಥಾಪನೆಯಾಯಿತು, ಅದರ ಇ.ಸಿ. ಟಿ.ವಿ. ನಮ್ಮ ತಂದೆತಾಯಿಯರ ಕಾಲದ ಹೆಮ್ಮೆ. ಅದನ್ನು ಕಟ್ಟಿದ ಎ.ಎಸ್. ರಾವ್ ಅವರ ಹೆಸರಿನ ಬಡಾವಣೆಯೇ ಇದೆ. ಆ ಕಾಲದ ರೇಡಿಯೋ, ಟಿ.ವಿ.ಗಳ ಹಿಂಬದಿ ಹಲಗೆಯ ಒಳಮೈಗೆ ಸರ್ಕ್ಯೂಟಿನ ನಕ್ಷೆ ಅಂಟಿಸಿರುತ್ತಿದ್ದುದುಂಟು. ತೆರೆದವನಿಗೆ ದಾರಿ ತಪ್ಪಬಾರದು ಎಂದು.

ಟಾಮಿಯನ್ನು ತಿರುಗಿಸಿ ಮುರುಗಿಸಿ ನೋಡಿದ ರಿಪೇರಿಯ ಯಜಮಾನರು ನಮ್ಮೂರಿನ ದಖನಿಯಲ್ಲಿ, "ಮೇಡಂ, ಇಸ್ಕೋ ಖೋಲ್ನೇ ಕೇ ವಾಸ್ತೇ ನೈ ಬನಾಯೆ" ಎಂದರು. ತೆರೆಯುವುದಕ್ಕೆಂದು ಮಾಡಿದ್ದೇ ಅಲ್ಲ! ಮೈಯ ಎರಡು ಹೋಳನ್ನು ಅಂಟಿನಿಂದ ಕೂಡಿಸಿದ್ದರು. ಹುಲಿಗಿದ್ದ ನಾಲ್ಕು ಸ್ಕ್ರೂ ಈ ನಾಯಿಗೆ ಇರಲಿಲ್ಲ. ಅವರು ಗರಗಸದ ಅಲಗಿನಿಂದ ಹೊಟ್ಟೆ ಸೀಳಿದರು. ಒಳಗೆ ಮೋಟಾರು ಚೆನ್ನಾಗಿತ್ತು, ಹಲ್ಲುಚಕ್ರ ಚೆನ್ನಾಗಿತ್ತು, ಸ್ಪೀಕರೂ ಚೆನ್ನಾಗಿತ್ತು. ಕೆಟ್ಟದ್ದು ಸೆಲ್ಲು ಕೂರುವ ಸ್ಪ್ರಿಂಗು ಮತ್ತು ಅದಕ್ಕೆ ತಾಗಿದ ಒಂದು ತಂತಿ. ಪರೀಕ್ಷೆಯ ದಿನಗಳೆಂದು ನಾವು ಎರಡು ತಿಂಗಳು ನಾಯಿಯನ್ನು ಬೀರುವಿನ ಮೇಲಿಟ್ಟಿದ್ದೆವು, ಸೆಲ್ ತೆಗೆಯದೆ. ಆಲ್ಕಲೈನ್ ಸೆಲ್ಲು ಹಳತಾದಾಗ ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಸರಿ ಲೋಹವನ್ನು ತಿನ್ನುತ್ತದೆ. ಬಿಳಿ ಹಸಿರು ಪುಡಿ ಕಟ್ಟಿರುವುದನ್ನು ನೀವು ಹಳೆ ಟಾರ್ಚಿನಲ್ಲಿ ನೋಡಿರುತ್ತೀರಿ. ಯಜಮಾನರು ನಿಂಬೆಹಣ್ಣು ಹಿಂಡಿ ಹತ್ತಿಯಲ್ಲಿ ಒರೆಸಿದರು, ಹಳೇ ರಿಮೋಟಿನ ಸ್ಪ್ರಿಂಗು ಕಿತ್ತು ಹಾಕಿದರು, ತಂತಿ ಬೆಸೆದರು. ನೂರು ರೂಪಾಯಿ. ಹೊಟ್ಟೆಗೆ ಮಾತ್ರ ಕಪ್ಪು ಟೇಪಿನ ಪಟ್ಟಿ ಬಂತು.

ಅಂದರೆ ಆರು ತಿಂಗಳ ಆಯಸ್ಸನ್ನು ನಿರ್ಧರಿಸಿದ್ದು ಯಾವ ದೊಡ್ಡ ಯಂತ್ರವೂ ಅಲ್ಲ, ಸ್ಕ್ರೂ ಬದಲು ಅಂಟು ಹಾಕುವ ಒಂದು ತೀರ್ಮಾನ. ಮತ್ತೆ ನಮ್ಮದೇ ಮರೆವು, ಅದನ್ನು ಮುಚ್ಚಿಡುವುದಿಲ್ಲ.

ಇಂಥ ತೀರ್ಮಾನಗಳು ಎಲ್ಲಿ ಆಗುತ್ತವೆ? ಬಹುಕಾಲ ನಮ್ಮ ಬೇಗಂ ಬಜಾರಿನ ಸಗಟು ಅಂಗಡಿಗೆ ಬರುತ್ತಿದ್ದ ಬ್ಯಾಟರಿ ಆಟಿಕೆಗಳಲ್ಲಿ ಹೆಚ್ಚಿನವು ಚೀನಾದವು. ಎರಡು ಸಾವಿರದ ದಶಕದಲ್ಲಿ ಈ ಅಗ್ಗದ ಆಟಿಕೆಗಳ ಮುಂದೆ ಚನ್ನಪಟ್ಟಣದ ಎಷ್ಟೋ ಚರಕಿಗಳು ನಿಂತವು. ಆ ದಶಕದ ನಡುವೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತಾದರೂ ಮಾನ್ಯತೆಯಿಂದ ಹೊಟ್ಟೆ ತುಂಬಬೇಕಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ 60ಕ್ಕೆ ಏರಿಸಿತು, 2023ರಲ್ಲಿ 70ಕ್ಕೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು, ವಿದ್ಯುತ್ ಆಟಿಕೆಗಳಿಗೆ ಐ.ಎಸ್. 15644 ಎಂಬ ಪ್ರತ್ಯೇಕ ಮಾನಕ. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಆಟಿಕೆಗಳಿಗೂ ವಿನಾಯಿತಿ ಕೊಟ್ಟರು, ಒಳ್ಳೆಯದಾಯಿತು. ಸರ್ಕಾರದ ಲೆಕ್ಕದಲ್ಲಿ 2018-19ರಲ್ಲಿ ಸುಮಾರು 37 ಕೋಟಿ ಡಾಲರ್ ಇದ್ದ ಆಟಿಕೆ ಆಮದು 2021-22ರಲ್ಲಿ 11 ಕೋಟಿಗೆ ಇಳಿಯಿತು. 2020ರ ಆಗಸ್ಟ್ 30ರ 'ಮನ್ ಕೀ ಬಾತ್' ಪ್ರಸಾರದಲ್ಲಿ ಪ್ರಧಾನಿ ಚನ್ನಪಟ್ಟಣ, ಕೊಂಡಪಲ್ಲಿಗಳ ಹೆಸರು ಹೇಳಿದ್ದು ರೇಡಿಯೋದವರಾದ ನಮಗೆ ನೆನಪಿದೆ. 2021ರಲ್ಲಿ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕೈಗಾರಿಕಾ ವಲಯಕ್ಕೆ ಅಡಿಗಲ್ಲು ಬಿತ್ತು. ಕಿನ್ನಾಳದ ಚಿತ್ರಗಾರರು ಹುಣಸೆ ಬೀಜ ಅರೆಯುವ ಅದೇ ಜಿಲ್ಲೆ! ಅಲ್ಲಿ ತಯಾರಾಗುವ ಆಟಿಕೆಗೆ ಅಂಟು ಬೀಳುತ್ತದೋ ಸ್ಕ್ರೂ ಬೀಳುತ್ತದೋ, ನನಗೆ ಅದೇ ಕುತೂಹಲ.

ಒಂದು ಸಣ್ಣ ಆದರೆ ಮುಖ್ಯವಾದ ಮಾತು. ಆ ಆದೇಶದಲ್ಲಿ ಆಟಿಕೆ ಎಂದರೆ 14 ವರ್ಷದೊಳಗಿನ ಮಕ್ಕಳು ಆಡುವ ವಸ್ತು. ನಿಮ್ಮ ನಿಜವಾದ ನಾಯಿಗೋ ಬೆಕ್ಕಿಗೋ ತರುವ, ತಾನಾಗಿ ಉರುಳುವ ಚೆಂಡು, ಚೀಂವ್ ಎನ್ನುವ ಬ್ಯಾಟರಿ ಇಲಿ ಆ ಮಾತಿನೊಳಗೆ ಬರುವುದಿಲ್ಲ. ಮಗುವಿನ ಕೈಗಿಂತ ನಾಯಿಯ ಹಲ್ಲು ಕ್ರೂರ ಪರೀಕ್ಷಕ. ಅಮೆರಿಕದ ಜೋ ಮಾರ್ಕ್‌ಹ್ಯಾಮ್ ಎಂಬಾತನ ನಾಯಿ 1970ರ ದಶಕದಲ್ಲಿ ಕಲ್ಲು ಕಡಿದು ಹಲ್ಲು ಹಾಳು ಮಾಡಿಕೊಳ್ಳುತ್ತಿತ್ತು. ಫೋಕ್ಸ್‌ವ್ಯಾಗನ್ ವ್ಯಾನಿನ ರಬ್ಬರು ಭಾಗವೊಂದನ್ನು ಎಸೆದರೆ ಅದಕ್ಕೆ ಮಾತ್ರ ಅದು ಸೋತಿತು. ಕಾಂಗ್ ಎಂಬ ಹೆಸರುವಾಸಿ ರಬ್ಬರು ಆಟಿಕೆ ಹುಟ್ಟಿದ್ದು ಹಾಗೆ, ಮೋಟಾರಿನ ಬಿಡಿಭಾಗದಿಂದ. ಅಂಥ ಹಲ್ಲಿಗೆ ತೆಳು ಪ್ಲಾಸ್ಟಿಕ್ಕಿನೊಳಗಿನ ಬಟನ್ ಸೆಲ್ಲು ಯಾವ ಲೆಕ್ಕ? ನುಂಗಿದ ಬಟನ್ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟ ಗಾಯ ಮಾಡಬಲ್ಲದು, ಮಗುವಿಗಾದರೂ ಅಷ್ಟೆ, ನಾಯಿಗಾದರೂ ಅಷ್ಟೆ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ. ಕೊಳ್ಳುವಾಗ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಬಟನ್ ಸೆಲ್ಲಿಗಿಂತ ಕಿರಾಣಿ ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ಲಿನದು ವಾಸಿ. ಮೈಯನ್ನು ತಿರುಗಿಸಿ ಹೊಲಿಗೆಯ ಗೆರೆಯ ಮೇಲೆ ಬೆರಳಾಡಿಸಿ, ಸ್ಕ್ರೂ ಗುಳಿ ಸಿಕ್ಕಿತೋ ಇಲ್ಲವೋ ಗೊತ್ತಾಗುತ್ತದೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ. ಬೀರುವಿನ ಮೇಲಿಡುವ ಮುನ್ನ ಸೆಲ್ ತೆಗೆಯಿರಿ.

ಟಾಮಿ ಈಗ ಬೊಗಳುತ್ತದೆ. ನಡೆಯುವಾಗ ಟೇಪು ನೆಲಕ್ಕೆ ತಾಗಿ ಸ್ವಲ್ಪ ಎಡಕ್ಕೆ ವಾಲುತ್ತದೆ. ಮಗಳು ಅದಕ್ಕೆ ಆಪರೇಷನ್ ಆಗಿದೆ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ.

ಅಂದ ಹಾಗೆ, ಸಾಲಾರ್ ಜಂಗ್‌ಗೆ ಹೋದರೆ ಗಡಿಯಾರ ನೋಡಿ ಹಾಗೇ ಹೊರಬಂದುಬಿಡಬೇಡಿ. ಒಳಗೆ ದಂತದ ಕುರ್ಚಿಗಳಿವೆ, ಫ್ರಾನ್ಸಿನ ಹದಿನಾರನೇ ಲೂಯಿ ದೊರೆ ಟಿಪ್ಪುವಿಗೆ ಕಳಿಸಿದ್ದು ಎಂದು ಅಲ್ಲಿ ಹೇಳುತ್ತಾರೆ. ಶ್ರೀರಂಗಪಟ್ಟಣದ ಹುಲಿ ಲಂಡನ್ನಿಗೆ ಹೋಯಿತು, ಕುರ್ಚಿ ನಮ್ಮೂರಿಗೆ ಬಂತು. ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ರಜೆ. ಹನ್ನೆರಡರ ಗಂಟೆಗೆ ಜಾಗ ಬೇಕಿದ್ದರೆ ಹನ್ನೊಂದೂ ಮುಕ್ಕಾಲಿಗೇ ಅಂಗಳದಲ್ಲಿರಿ.